ವಿಶಾಲಾಕ್ಷಿ ಊರು ಆರಿಸಿದ್ದು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿವಮೊಗ್ಗದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಮೊಬಿಲಿಟಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಹುದ್ದೆಯ ಹೆಸರು ಹೇಳಿದರೆ ಆಗ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೆ "ನಡೆಯೋದು ಹೇಳಿಕೊಡ್ತೀನಿ" ಎನ್ನುತ್ತಿದ್ದೆ. ಅಂಗನವಾಡಿ ಟೀಚರ್ ಇರಬೇಕು ಎಂದುಕೊಂಡು ಅವರು ಸುಮ್ಮನಾಗುತ್ತಿದ್ದರು.

ನಿಜವಾದ ಕೆಲಸ ಇದು: ದೃಷ್ಟಿ ಕಳೆದುಕೊಂಡವರಿಗೆ ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡುವುದನ್ನು ಕಲಿಸುವುದು. ನಮ್ಮ ಪಾಠದಲ್ಲಿ ಎರಡು ಭಾಗ. ಓರಿಯಂಟೇಷನ್ ಎಂದರೆ ನಾನೀಗ ಎಲ್ಲಿದ್ದೇನೆ ಎಂದು ತಿಳಿದುಕೊಳ್ಳುವುದು. ಮೊಬಿಲಿಟಿ ಎಂದರೆ ಅಲ್ಲಿಂದ ಹೋಗಬೇಕಾದ ಕಡೆಗೆ ಸುರಕ್ಷಿತವಾಗಿ ಹೋಗುವುದು. ಕಣ್ಣಿದ್ದವರಿಗೆ ಲ್ಯಾಂಡ್‌ಮಾರ್ಕ್ ಎಂದರೆ ಸಿನಿಮಾ ಟಾಕೀಸು, ನೀರಿನ ಟ್ಯಾಂಕು. ನನ್ನ ವಿದ್ಯಾರ್ಥಿಗಳಿಗೆ ಬೇಕರಿಯ ವಾಸನೆ, ಹಿಟ್ಟಿನ ಗಿರಣಿಯ ಸದ್ದು, ಕಾಲಡಿಯಲ್ಲಿ ತುಸುವೇ ಇಳಿಯುವ ರಸ್ತೆ. ಕೋಲಿನ ತುದಿಯನ್ನು ಗೋಡೆಯ ಅಥವಾ ಚರಂಡಿಯ ಅಂಚಿಗೆ ತಾಗಿಸಿಕೊಂಡು ನಡೆಯುವುದಕ್ಕೆ ಶೋರ್‌ಲೈನಿಂಗ್ ಎನ್ನುತ್ತಾರೆ, ದೋಣಿಯವನು ದಡ ಬಿಡದೆ ಸಾಗಿದ ಹಾಗೆ. ಇಷ್ಟು ಗೊತ್ತಿದ್ದರೆ ಮುಂದಿನ ಕಥೆ ಓದಲು ಸಾಕು.

ವಾರಕ್ಕೆರಡು ದಿನ ಭದ್ರಾವತಿಗೆ ಹೋಗುತ್ತಿದ್ದೆ. ಅಲ್ಲಿನ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರು ವಿಶಾಲಾಕ್ಷಿ. ನಲವತ್ತರ ಹತ್ತಿರದ ವಯಸ್ಸು. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಮೆಲ್ಲಮೆಲ್ಲನೆ ಹೋಗಿಬಿಟ್ಟಿತ್ತು. ಮೊದಲ ದಿನವೇ "ಹೆಸರು ವಿಶಾಲಾಕ್ಷಿ. ಒಂದ್ಸಲ ನಕ್ಕುಬಿಡಿ ಟೀಚರ್, ಆಮೇಲೆ ಪಾಠ ಶುರು ಮಾಡಣ" ಎಂದಿದ್ದರು. ಕೋಲು ಹಿಡಿದ ಕೆಲವೇ ತಿಂಗಳಲ್ಲಿ ಅವರು ಮನೆಯಿಂದ ಸಂತೆಗೆ ಒಬ್ಬರೇ ಹೋಗಿ, ತರಕಾರಿಯವರ ಹತ್ತಿರ ಚೌಕಾಸಿ ಮಾಡಿ, ಚೀಲ ತುಂಬಿಕೊಂಡು ಬರುತ್ತಿದ್ದರು. ಚೌಕಾಸಿ ಅವರಿಗೆ ಬರೀ ಉಳಿತಾಯವಾಗಿರಲಿಲ್ಲ, ಸಂತೋಷವಾಗಿತ್ತು.

ಗಂಡ ರುದ್ರೇಶ್ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ಮೋಟಾರಿನ ಒಳಗಿನ ತಾಮ್ರದ ತಂತಿ ತೆಗೆದು ಹೊಸದಾಗಿ ಸುತ್ತುವ ಕೆಲಸ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ವರ್ಕ್‌ಶಾಪಿನ ಹಿಂದೆಯೇ ಮಾಲೀಕರು ಕೊಟ್ಟ ಮನೆ. ಮನೆಯಲ್ಲಿ ರುದ್ರೇಶರ ತಾಯಿ ಗಂಗಮ್ಮ, ಒಂಬತ್ತನೇ ಕ್ಲಾಸಿನ ಮಗಳು ದೀಪಾ. ಅತ್ತೆ ಸೊಸೆ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಬಾಯಿಗೆ ಬಾಯಿ ಕೊಡುತ್ತಿದ್ದರು. ಮೊದಮೊದಲು ನನಗೆ ಗಾಬರಿಯಾಗುತ್ತಿತ್ತು. ಆಮೇಲೆ ತಿಳಿಯಿತು, ಅದು ಆ ಮನೆಯ ರೇಡಿಯೋ. ನಿಂತರೆ ಏನೋ ಕೆಟ್ಟಿದೆ ಎಂದರ್ಥ.

ಒಂದು ದಿನ ಹೋದಾಗ ರೇಡಿಯೋ ನಿಂತಿತ್ತು. ವಯಸ್ಸಾದ ಮಾಲೀಕರು ವರ್ಕ್‌ಶಾಪನ್ನು ಮುಚ್ಚುವುದೆಂದು ತೀರ್ಮಾನಿಸಿದ್ದರು. ಒಳ್ಳೆಯ ಮನುಷ್ಯ, ಬರಬೇಕಾದದ್ದನ್ನೆಲ್ಲ ಕೊಟ್ಟಿದ್ದರು, ಬೇಸಿಗೆ ರಜೆ ಮುಗಿಯುವವರೆಗೆ ಮನೆಯಲ್ಲಿರಿ ಎಂದೂ ಹೇಳಿದ್ದರು. ಅಷ್ಟರೊಳಗೆ ಕುಟುಂಬ ಎಲ್ಲಿಗೆ ಹೋಗಬೇಕು ಎನ್ನುವುದು ನಿರ್ಧಾರವಾಗಬೇಕಿತ್ತು. ರುದ್ರೇಶರ ತಮ್ಮನಿಗೆ ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಕೆಲಸ ಸಿದ್ಧವಾಗಿತ್ತು, ಮಹಡಿ ಮೇಲೆ ಮನೆಯೂ ಖಾಲಿಯಿತ್ತು. ದಾವಣಗೆರೆಯಲ್ಲಿ ವಿಶಾಲಾಕ್ಷಿಯ ಅಕ್ಕ. ಭಾವನವರು ಒಂದು ಮಿಲ್ಲಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಕೊಡಿಸುವ ಮಾತಾಡಿದ್ದರು. ಮೂರನೆಯದು ಶಿವಮೊಗ್ಗ. ಅಲ್ಲಿ ಯಾವ ನೌಕರಿಯೂ ಇರಲಿಲ್ಲ. ಸುತ್ತಲಿನ ತೋಟದವರ ಪಂಪ್‌ಸೆಟ್ಟುಗಳು ಸದಾ ಕೆಡುತ್ತಿರುತ್ತವೆ, ಸ್ವಂತ ಅಂಗಡಿ ಹಾಕು ಎಂದು ಒಬ್ಬ ಸ್ನೇಹಿತ ಹೇಳಿದ್ದ, ಅಷ್ಟೇ. ಆ ಮಾತನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬೆಂಗಳೂರೇ ಅಂತ ಆಗಿದೆ ಮೇಡಂ," ಎಂದರು ರುದ್ರೇಶ್. "ನೀವು ಒಂದೆರಡು ದಿನ ಅಲ್ಲಿಗೆ ಬಂದು ಇವಳಿಗೆ ಮನೆಯೊಳಗಿಂದು ಹೇಳ್ಕೊಡ್ಬೇಕಿತ್ತು. ಅಡುಗೆಮನೆ, ಬಚ್ಚಲು, ಮೆಟ್ಲು..."

"ಹೊರಗಿಂದು?"

"ಹೊರಗೆ ಹೋಗೋ ಅಗತ್ಯ ಬರಲ್ಲ. ತಮ್ಮನ ಹೆಂಡ್ತಿ ಎಲ್ಲಾ ನೋಡ್ಕೋತಾಳೆ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದರು. ಆದರೆ ಅವರೆಕಾಳು ಸುಲಿಯುತ್ತಿದ್ದ ವಿಶಾಲಾಕ್ಷಿಯ ಕೈ ನಿಂತಿತು. ನಾನು ನೇರವಾಗಿ ಅವರನ್ನೇ ಕೇಳಿದೆ, "ನಿಮಗೆ ಯಾವ ಊರು ಬೇಕು?"

"ನಂಗೆ ಹೇಗೆ ಗೊತ್ತಾಗ್ಬೇಕು ಟೀಚರ್? ಎಲ್ರೂ ನೋಡಿ ಬಂದ್ರು. ನಾನಿನ್ನೂ ನೋಡಿಲ್ಲ."

ಆ ಮಾತಿಗೆ ಗಂಗಮ್ಮನವರೇ ಮೊದಲು ಬಾಯಿಬಿಟ್ಟರು. "ಹೌದಲ್ಲೋ ರುದ್ರ, ಒಂದು ಸೀರೆ ತರಬೇಕಾದ್ರೂ ಇವಳು ಹತ್ತು ಸಲ ಮುಟ್ಟಿ ನೋಡ್ತಾಳೆ. ಊರನ್ನ ಹಂಗೇ ಕಟ್ಟಿಸಿಕೊಂಡು ಬರಕ್ಕಾಗತ್ತೇನೋ?"

ಹೀಗೆ ನನ್ನ ವೃತ್ತಿಜೀವನದಲ್ಲೇ ವಿಚಿತ್ರವಾದ ಒಂದು ಅಸೈನ್‌ಮೆಂಟ್ ಶುರುವಾಯಿತು. ಮೂರೂ ಊರುಗಳಿಗೆ ಹೋಗುವುದು. ಪ್ರತಿ ಊರಿನಲ್ಲೂ ಮೊದಲ ದಿನ ನಾನು ಜೊತೆಗಿದ್ದು ಒಂದು ದಾರಿ ಕಲಿಸುವುದು. ಎರಡನೆಯ ದಿನ ಅವರು ಒಬ್ಬರೇ ಮನೆಯಿಂದ ತರಕಾರಿ ಸಿಗುವ ಜಾಗಕ್ಕೆ ಹೋಗಿ ಮರಳುವುದು. ನಾನು ಹಿಂದೆ ದೂರದಲ್ಲಿರುತ್ತೇನೆ, ಅಪಾಯ ಬಂದರೆ ಮಾತ್ರ ಬಾಯಿಬಿಡುತ್ತೇನೆ. ಕೊನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಮನೆಯವರೆಲ್ಲ ಕೂತು ತೀರ್ಮಾನಿಸುತ್ತಾರೆ. ರುದ್ರೇಶ್ ಒಪ್ಪಿದರು. ದೀಪಾ ಮಾತ್ರ "ನಂಗೆ ಯಾವೂರಾದ್ರೂ ಸರಿ, ಸೈಕಲ್ ಬಿಡೋ ಹಾಗಿರ್ಬೇಕು" ಎಂದು ತನ್ನ ಮತವನ್ನು ಮೊದಲೇ ಚಲಾಯಿಸಿದಳು.

ಬೆಂಗಳೂರಿನ ಮನೆಯವರು ಅಕ್ಕರೆಯ ಜನ. ವಿಶಾಲಾಕ್ಷಿ ಏಳಲು ಹೊರಟರೆ "ಕೂತ್ಕೊಳ್ಳಿ ಅಕ್ಕ, ನಾನು ತರ್ತೀನಿ" ಎಂದು ಓರಗಿತ್ತಿ ಓಡಿಬರುತ್ತಿದ್ದರು. ನೀರಿನ ಲೋಟ ಕೈಗೆ, ತಟ್ಟೆ ಮಡಿಲಿಗೆ. ಮನೆ ಮುಂದಿನ ರಸ್ತೆಯಂತೂ ಬಿಡುವಿಲ್ಲದೆ ಹರಿಯುತ್ತಿತ್ತು. ವಾಹನಗಳ ನಡುವೆ ಒಂದು ಚಣ ಮೌನ ಸಿಕ್ಕರೆ ನನ್ನ ವಿದ್ಯಾರ್ಥಿಗಳು ರಸ್ತೆ ದಾಟುತ್ತಾರೆ. ಅಲ್ಲಿ ಆ ಮೌನವೇ ಇರಲಿಲ್ಲ. ಎರಡನೆಯ ದಿನದ ಪರೀಕ್ಷೆಯನ್ನು ನಾನೇ ರದ್ದು ಮಾಡಿದೆ. ಬರುವಾಗ ರೈಲಿನಲ್ಲಿ ವಿಶಾಲಾಕ್ಷಿ ಹೇಳಿದರು, "ಎಷ್ಟು ಚೆನ್ನಾಗಿ ನೋಡ್ಕೊಂಡ್ರು ಟೀಚರ್. ಇನ್ನೊಂದು ವಾರ ಇದ್ದಿದ್ರೆ ನಂಗೆ ನಡೆಯೋದೇ ಮರ್ತು ಹೋಗ್ತಿತ್ತು."

ದಾವಣಗೆರೆ ನನ್ನ ಮನಸ್ಸು ಗೆದ್ದಿತು. ಅಕ್ಕನ ಮನೆಯಿದ್ದ ಬಡಾವಣೆಯಲ್ಲಿ ರಸ್ತೆಗಳು ಗೆರೆ ಎಳೆದ ಹಾಗೆ ನೇರ, ಅಡ್ಡರಸ್ತೆಗಳೆಲ್ಲ ಚೌಕಾಕಾರ. ಮೊಬಿಲಿಟಿ ಕಲಿಸುವವರಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಎರಡನೆಯ ದಿನ ವಿಶಾಲಾಕ್ಷಿ ಒಂದೂ ತಪ್ಪಿಲ್ಲದೆ ತರಕಾರಿ ಅಂಗಡಿಗೆ ಹೋಗಿ ಬಂದರು. ದಾರಿಯುದ್ದಕ್ಕೂ ಜನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಒಬ್ಬ ಹುಡುಗ ಸೈಕಲ್ಲಿಂದ ಇಳಿದೇ ನಿಂತ. ಅಂಗಡಿಯವರು ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಚೀಲಕ್ಕೆ ಹಾಕಿ "ದುಡ್ಡು ಬ್ಯಾಡ್ರೀ ಅಮ್ಮಾರ, ಇರ್ಲಿ ತಗೊಳ್ರಿ" ಎಂದರು. ನಾನು ಮನಸ್ಸಿನಲ್ಲೇ ಪೂರ್ಣ ಅಂಕ ಕೊಟ್ಟುಬಿಟ್ಟೆ. ಆ ಸಂಜೆ ಅಕ್ಕನ ಮನೆಯಲ್ಲಿ ಬೆಣ್ಣೆ ದೋಸೆ ತಿನ್ನುವಾಗ ಎಲ್ಲರಿಗೂ ಉತ್ಸಾಹ. ವಿಶಾಲಾಕ್ಷಿ ಯಾಕೋ ಒಂದೇ ದೋಸೆಗೆ ಕೈತೊಳೆದರು. ಬಿಸಿಲಲ್ಲಿ ನಡೆದು ದಣಿದಿರಬೇಕು ಎಂದುಕೊಂಡೆ.

ಶಿವಮೊಗ್ಗಕ್ಕೆ ಹೋದದ್ದು ಬರೀ ಲೆಕ್ಕ ಪೂರೈಸಲು ಎನ್ನಬೇಕು. ರುದ್ರೇಶರ ಸ್ನೇಹಿತ ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ತನ್ನ ಪರಿಚಯದವರ ಖಾಲಿ ಮನೆಯೊಂದರ ಬೀಗದ ಕೈ ಕೊಡಿಸಿದ್ದ. ಚಾಪೆ, ಸ್ಟೌ, ಎರಡು ಪಾತ್ರೆ ಹೊತ್ತುಕೊಂಡು ಮನೆಮಂದಿಯೆಲ್ಲ ಪಿಕ್‌ನಿಕ್ಕಿಗೆ ಬಂದ ಹಾಗೆ ಬಂದರು. ಮೊದಲ ದಿನ ದಾರಿ ಕಲಿಸುವಾಗಲೇ ನನಗೆ ಸಮಾಧಾನವಿರಲಿಲ್ಲ. ಚರಂಡಿಯ ಚಪ್ಪಡಿ ಒಂದಿದ್ದರೆ ಒಂದಿಲ್ಲ. ರಸ್ತೆ ಮಧ್ಯೆ ಯಾರದೋ ಹಸು. ಮೂರು ದಾರಿ ಸೇರುವ ಒಂದು ಕಡೆಯಂತೂ ಮಹಾ ಗೊಂದಲ. ಅದೃಷ್ಟಕ್ಕೆ ಅಲ್ಲೊಂದು ಹಿಟ್ಟಿನ ಗಿರಣಿಯಿತ್ತು. "ಗಿರಣಿ ಸದ್ದು ಬಲಗಿವಿಗೆ ಬಂದ ಕೂಡ್ಲೇ ಎಡಕ್ಕೆ ತಿರುಗಿ" ಎಂದು ಮತ್ತೆ ಮತ್ತೆ ಹೇಳಿಕೊಟ್ಟೆ.

ಮರುದಿನ ಬೆಳಿಗ್ಗೆ ವಿಶಾಲಾಕ್ಷಿ ಚೀಲ ಹಿಡಿದು ಹೊರಟರು. ನಾನು ಹಿಂದೆ. ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಯಿತು.

ಕರೆಂಟು ಹೋದರೆ ನಮಗೆ ಫ್ಯಾನ್ ನಿಲ್ಲುತ್ತದೆ, ಅಷ್ಟೇ. ವಿಶಾಲಾಕ್ಷಿಗೆ ಗಿರಣಿಯೇ ಮಾಯವಾಗಿತ್ತು. ಅವರು ತಿರುವಿನ ಹತ್ತಿರ ತುಸು ನಿಧಾನಿಸಿದರು, ಕಿವಿಗೊಟ್ಟರು, ಏನೂ ಕೇಳಿಸದೆ ಮುಂದೆ ಹೋಗಿಯೇಬಿಟ್ಟರು. ದಾರಿ ತಪ್ಪಿತ್ತು. ಅಪಾಯವೇನೂ ಇರಲಿಲ್ಲ, ಆದ್ದರಿಂದ ಕೂಗುವ ಹಾಗಿರಲಿಲ್ಲ. ನಾನು ಚಪ್ಪಲಿ ಸದ್ದಾಗದಂತೆ ಬೇಗಬೇಗ ಹೆಜ್ಜೆ ಹಾಕಿದೆ.

ಅಷ್ಟರಲ್ಲಿ ಒಂದು ಮೊಪೆಡ್ ಬಂದು ನನಗೆ ಅಡ್ಡ ನಿಂತಿತು. ಮೇಲೆ ಬಿಳಿ ಮೀಸೆಯ ಒಬ್ಬ ಹಿರಿಯರು, ಹಿಂದೆ ಹಾಲಿನ ಕ್ಯಾನು.

"ಏನಮ್ಮಾ, ಆಗಿಂದ ನೋಡ್ತಿದೀನಿ, ಆ ಕಣ್ ಕಾಣ್ದಿರೋ ಹೆಂಗಸಿನ ಹಿಂದೆ ಬಿದ್ದಿದೀರಿ. ಅವರು ನಿಂತ್ರೆ ನೀವೂ ನಿಲ್ತೀರಿ, ಅವರು ನಡೆದ್ರೆ ನೀವೂ ನಡೀತೀರಿ. ಏನ್ ಸಮಾಚಾರ?"

"ನಾನು ಅವರ ಟೀಚರ್."

"ಟೀಚರಾ? ಟೀಚರ್ ಆದ್ರೆ ಜೊತೇಲಿ ಹೋಗ್ಬೇಕಪ್ಪ. ಕದ್ದು ಕದ್ದು ಯಾಕೆ ಹೋಗ್ಬೇಕು?"

ನಾನು ಮೊಬಿಲಿಟಿ ಟ್ರೈನಿಂಗಿನ ತತ್ವವನ್ನು ನಡುರಸ್ತೆಯಲ್ಲಿ ವಿವರಿಸತೊಡಗಿದೆ. ಜನ ಸೇರಿದರು. ಒಬ್ಬಾಕೆ "ಅವರ ಕೊರಳಲ್ಲಿ ಸರ ಇತ್ತು, ನಾನ್ ನೋಡಿದೀನಿ" ಎಂದು ಬೆಂಕಿಗೆ ತುಪ್ಪ ಸುರಿದಳು. ಕೊನೆಗೆ ನನ್ನ ಗುರುತಿನ ಚೀಟಿ ಎಲ್ಲರ ಕೈಗೂ ಹೋಗಿ ಬಂದ ಮೇಲೆ ಹಿರಿಯರು "ಬೇಜಾರ್ ಮಾಡ್ಕೋಬೇಡಿ ಮೇಡಂ, ಕಾಲ ಹಂಗಿದೆ" ಎಂದು ಮೊಪೆಡ್ ಸರಿಸಿದರು. ನೋಡಿದರೆ ರಸ್ತೆಯಲ್ಲಿ ವಿಶಾಲಾಕ್ಷಿ ಇಲ್ಲ.

ವೃತ್ತಿಯಲ್ಲಿ ಅದುವರೆಗೆ ನಾನು ಯಾವ ವಿದ್ಯಾರ್ಥಿಯನ್ನೂ ಕಳೆದುಕೊಂಡಿರಲಿಲ್ಲ. ಮುಂದಿನ ಬೀದಿಗೆ ಓಡಿದೆ, ಇಲ್ಲ. ಅದರಾಚೆಯದಕ್ಕೆ ಓಡಿದೆ, ಅಲ್ಲೂ ಇಲ್ಲ. ಒಂದು ಮನೆಯ ಜಗಲಿಯ ಮೇಲೆ ಇಬ್ಬರು ಹೆಂಗಸರು ಮೊರದಲ್ಲಿ ಅಕ್ಕಿ ಆರಿಸುತ್ತ ಜೋರಾಗಿ ವಾದ ಮಾಡುತ್ತಿದ್ದರು. ಬಿಳಿ ಕೋಲು ಹಿಡಿದವರು ಈ ಕಡೆ ಬಂದರೇ ಎಂದು ಕೇಳಿದೆ.

"ಈಗ ಹೋದ್ರಲ್ಲ! ತರಕಾರಿ ಗಾಡಿಗೆ ದಾರಿ ಕೇಳಿದ್ರು. ಇವಳು ಬಾವಿ ಕಡೆಯಿಂದ ಹೋಗಿ ಅಂದ್ಲು. ಅದು ಸುತ್ತು ಅಲ್ವಾ ನೀವೇ ಹೇಳಿ?"

"ಸುತ್ತಾದ್ರೂ ನಾಯಿ ಇಲ್ಲ ಮಾರಾಯ್ತಿ, ನೀ ಹೇಳಿದ ದಾರೀಲಿ ಎರಡು ನಾಯಿ ಇದಾವೆ!"

"ಅವರು ಯಾವ ದಾರೀಲಿ ಹೋದರು?" ಎಂದೆ.

"ನಾವಿಬ್ರೂ ಕಿತ್ತಾಡೋದು ಕೇಳಿ ಕೇಳಿ ನಕ್ರು. ಆಮೇಲೆ ನಾಯಿ ದಾರೀಲೇ ಹೋದ್ರು."

ನಾಯಿಗಳ ದಾರಿಯಲ್ಲಿ ನಾನೂ ಓಡಿದೆ. ನಾಯಿಗಳು ನನ್ನನ್ನು ನೋಡಿ ಬೊಗಳಿದವು. ದಾರಿ ಮುಗಿದಲ್ಲಿ ತಳ್ಳುಗಾಡಿಗಳ ಸಾಲು, ಅದರ ಮಧ್ಯೆ ಒಂದು ದೊಡ್ಡ ಗಲಾಟೆ. ಗಲಾಟೆಯ ಒಂದು ತುದಿಯಲ್ಲಿ ತರಕಾರಿ ಮಾರುವ ದಪ್ಪ ದನಿಯ ಹೆಂಗಸು, ಇನ್ನೊಂದು ತುದಿಯಲ್ಲಿ ವಿಶಾಲಾಕ್ಷಿ.

"ಟೊಮೆಟೊ ಹಿಚುಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

"ಹಿಚುಕ್ದೆ ಹೇಗೆ ತಿಳೀಬೇಕು? ಮೇಲಿನವು ಗಟ್ಟಿ, ಕೆಳಗಿನವೆಲ್ಲ ಮೆತ್ತಗೆ. ಯಾರಿಗೆ ಟೋಪಿ ಹಾಕ್ತೀರಿ?"

"ಅರೆರೆ, ಬೋಣಿ ಹೊತ್ತಲ್ಲಿ ಇದೇನ್ ತಕರಾರು! ಕಣ್ಣು ಕಾಣಲ್ಲ ಅಂತ ರೇಟು ಕಮ್ಮಿ ಮಾಡಕ್ಕಾಗಲ್ಲ, ತಿಳ್ಕೊಳ್ಳಿ."

"ಕಣ್ಣಿಗೆ ಯಾರು ಕಮ್ಮಿ ಮಾಡಿ ಅಂದ್ರು? ಟೊಮೆಟೊ ನೋಡಿ ಕಮ್ಮಿ ಮಾಡಿ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ತರಕಾರಿಯವಳೂ ನಕ್ಕಳು, ರೇಟು ಮಾತ್ರ ಬಿಡಲಿಲ್ಲ. ವಿಶಾಲಾಕ್ಷಿ ತಿರುಗಿ ಹೊರಡುವ ನಾಟಕವಾಡಿದರು. ಅವಳು ಕರೆದಳು. ಅಂತೂ ಇಬ್ಬರೂ ಸ್ವಲ್ಪ ಸ್ವಲ್ಪ ಸೋತು, ಇಬ್ಬರೂ ಗೆದ್ದವರ ಹಾಗೆ ವ್ಯಾಪಾರ ಮುಗಿಸಿದರು. ನಾನು ದೂರದಲ್ಲಿ ಏದುಸಿರು ಬಿಡುತ್ತ ನಿಂತಿದ್ದೆ. ವಿಶಾಲಾಕ್ಷಿ ಚೀಲ ಹೆಗಲಿಗೇರಿಸಿಕೊಂಡಾಗ ಅವರ ಮುಖ ನೋಡಿದೆ. ಭದ್ರಾವತಿಯ ವರ್ಕ್‌ಶಾಪು ಮುಚ್ಚುವ ಸುದ್ದಿ ಬಂದಮೇಲೆ ಆ ಮುಖದಲ್ಲಿ ಅಂಥ ಹೊಳಪನ್ನು ನಾನು ಕಂಡಿರಲಿಲ್ಲ.

ಅದೇ ಸಂಜೆ ಆ ಖಾಲಿ ಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ನಾನು ವೃತ್ತಿಪರಳಾಗಿ ಖಚಿತವಾಗಿ ಹೇಳಿದೆ: ದಾವಣಗೆರೆ. ರಸ್ತೆ ನೇರ, ದಾಟುವುದು ಸುಲಭ, ಹತ್ತಿರದಲ್ಲಿ ಅಕ್ಕ, ಗಂಡನಿಗೆ ನೌಕರಿ. ಹೊಸಮನೆಯಲ್ಲಿ ಮೊದಲ ಸಲವೇ ದಾರಿ ತಪ್ಪಿತು, ಇದು ಕಷ್ಟದ ರೂಟು. ರುದ್ರೇಶ್ ತಲೆಯಾಡಿಸಿದರು.

"ಟೀಚರ್, ನಾನೊಂದು ಮಾತು ಹೇಳ್ಲಾ?" ಎಂದರು ವಿಶಾಲಾಕ್ಷಿ. "ದಾವಣಗೆರೆ ಜನ ದೇವರಂಥವರು. ನಾನು ಬರ್ತಿದೀನಿ ಅಂತ ಎಲ್ರೂ ಸರಿದು ನಿಂತ್ರು. ಸೊಪ್ಪಿಗೆ ದುಡ್ಡೂ ತಗೊಳ್ಲಿಲ್ಲ. ಆದ್ರೆ ಅಷ್ಟು ದೂರ ಹೋಗಿಬಂದ್ರೂ, ದುಡ್ಡು ಬೇಡ ಅಂದಿದ್ದು ಬಿಟ್ರೆ, ನನ್ನ ಹತ್ರ ಒಬ್ರೂ ಒಂದು ಮಾತಾಡ್ಲಿಲ್ಲ. ಇಲ್ಲಿ ಇಬ್ರು ನನಗೋಸ್ಕರ ಕಿತ್ತಾಡಿದ್ರು, ಒಬ್ಳು ನನ್ನ ಜೊತೇಲೇ ಜಗಳ ಆಡಿದ್ಲು. ನಾಳೆ ಬರ್ತೀರಲ್ಲ, ಆಗ ನೋಡ್ಕೋತೀನಿ ಅಂತನೂ ಅಂದ್ಳು. ನಂಗೆ ನಾಳೆ ಹೋಗ್ಬೇಕು."

"ಜಗಳಕ್ಕೆ ಮನೇಲಿ ನಾನು ಸಾಲ್ತಿರ್ಲಿಲ್ವೇನೆ?" ಎಂದರು ಗಂಗಮ್ಮ.

"ನಿಮ್ಮ ಹತ್ರ ಯಾವಾಗ್ಲೂ ನಾನೇ ಸೋಲ್ಬೇಕು ಅತ್ತೆ. ಅಲ್ಲಾದ್ರೆ ಗೆಲ್ಲಬಹುದು."

ನಗು ನಿಂತ ಮೇಲೆ ರುದ್ರೇಶ್ ಮೆಲ್ಲನೆ ಒಂದು ವಿಷಯ ಹೊರಹಾಕಿದರು. ನಾವಿಬ್ಬರೂ ಬೀದಿಯಲ್ಲಿದ್ದ ಹೊತ್ತಿನಲ್ಲಿ ಅವರು ಸ್ನೇಹಿತನೊಂದಿಗೆ ಒಂದು ಮಳಿಗೆ ನೋಡಿಕೊಂಡು ಬಂದಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಸ್ವಂತ ಅಂಗಡಿಯ ಆಸೆ ಅವರಿಗೆ ಮದುವೆಗೆ ಮೊದಲಿನದು. ಅಮ್ಮ, ಹೆಂಡತಿ, ಮಗಳನ್ನು ಕಟ್ಟಿಕೊಂಡು ತಿಂಗಳ ಸಂಬಳ ಬಿಡುವ ಧೈರ್ಯ ಬಂದಿರಲಿಲ್ಲ, ಅಷ್ಟೇ.

"ಅಂಗಡಿ ನಡೀದೇ ಹೋದ್ರೆ ವಿಶಾಲು?" ಎಂದು ಕೇಳಿದರು.

"ನಡೀದೇ ಇರೋದನ್ನ ನಡೆಸೋಕೆ ಟೀಚರ್ ಇದಾರಲ್ಲ," ಎಂದರು ಆಕೆ. "ನನ್ನನ್ನೇ ನಡೆಸಿದ್ರು. ನಿಮ್ಮ ಅಂಗಡಿ ಯಾವ ಲೆಕ್ಕ?"

ರುದ್ರೇಶ್ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇಲ್ಲಿ ಸೈಕಲ್ ಬಿಡ್ಬೋದಾ ಅಪ್ಪಾ?" ಎಂದು ದೀಪಾ ಕೇಳಿದಳು. "ಊರಿನ ಆ ತುದಿ ಗೋಪಾಳದವರೆಗೂ ಬಿಡು ಮಗಳೇ" ಎಂದರು. ಗಂಗಮ್ಮ ಆಗಲೇ ಎದ್ದು ಒಲೆ ಎಲ್ಲಿಡಬೇಕು, ದೇವರ ಗೂಡು ಯಾವ ಗೋಡೆಗೆ ಎಂದು ಅಡುಗೆಮನೆಯಲ್ಲಿ ಓಡಾಡುತ್ತಿದ್ದರು. ನನ್ನ ಶಿಫಾರಸು ಏನಾಯಿತು ಎಂದು ಯಾರೂ ಕೇಳಲಿಲ್ಲ. ಹೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಶಾಲೆಗಳು ತೆರೆಯುವ ಮೊದಲೇ ಭದ್ರಾವತಿಯಿಂದ ಸಾಮಾನಿನ ಲಾರಿ ಬಂತು. ಅಲ್ಲಿ ಪಕ್ಕದ ಮನೆಯಲ್ಲಿದ್ದ ತಮಿಳು ಕುಟುಂಬ ಅದರ ಹಿಂದೆಯೇ ಬಸ್ಸಿನಲ್ಲಿ ಬಂದು, ಹಾಲುಕ್ಕಿಸುವವರೆಗೂ ಇದ್ದು, ಪೊಂಗಲ್ ಮಾಡಿ ಬಡಿಸಿಹೋಯಿತು. ನಾನು ಮಳೆಗಾಲವಿಡೀ ಹೊಸಮನೆಗೆ ಹೋಗಿ ಪಾಠ ಮುಂದುವರಿಸಿದೆ. ಕರೆಂಟು ಇಲ್ಲದಾಗಲೂ ಗೊತ್ತಾಗುವಂಥ ಗುರುತುಗಳನ್ನು ಇಬ್ಬರೂ ಹುಡುಕಿದೆವು. ನನಗೆ ಅಡ್ಡ ನಿಂತಿದ್ದ ಹಿರಿಯರು ಅವರ ಮನೆಗೇ ಹಾಲು ಹಾಕತೊಡಗಿದರು. ನನ್ನನ್ನು ಕಂಡಾಗಲೆಲ್ಲ "ಏನ್ ಮೇಡಂ, ಇವತ್ತೂ ಹಿಂದೆ ಹಿಂದೇನಾ?" ಎಂದು ಕೇಳುತ್ತಿದ್ದರು.

ರುದ್ರೇಶರ ಅಂಗಡಿ ಮೊದಲ ಕೆಲವು ತಿಂಗಳು ಕುಂಟುತ್ತ ಸಾಗಿತು. ಅವರ ಕೆಲಸ ಚೆನ್ನಾಗಿತ್ತು, ಗಿರಾಕಿಗಳ ಹತ್ತಿರ ರೇಟು ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಕೇಳಿದಷ್ಟಕ್ಕೆ ಒಪ್ಪಿಬಿಡುತ್ತಿದ್ದರು. ಇದು ತಿಳಿದ ದಿನ ವಿಶಾಲಾಕ್ಷಿ ಮನೆಯಿಂದ ಅಂಗಡಿಗೆ ಹೋಗುವ ದಾರಿ ಕಲಿಸಿ ಎಂದು ನನಗೆ ದುಂಬಾಲು ಬಿದ್ದರು. ಕಲಿತು, ಮುಂದಿನ ಕುರ್ಚಿಯಲ್ಲಿ ಕೂತರು. ಆಮೇಲೆ ಅಂಗಡಿ ಚೆನ್ನಾಗಿಯೇ ನಡೆಯಿತು. ಪಂಪ್‌ಸೆಟ್ ತರುವ ತೋಟದವರು ಒಳಗೆ ಇಣುಕಿ "ಅಕ್ಕ ಇದಾರೋ, ಅಣ್ಣ ಒಬ್ರೇನೋ?" ಎಂದು ಮೊದಲು ವಿಚಾರಿಸಿಕೊಳ್ಳುತ್ತಿದ್ದರಂತೆ.

ನಿವೃತ್ತಿಯಾಗುವವರೆಗೆ ನಾನು ಎಷ್ಟೋ ಮಂದಿಗೆ ಕೋಲು ಹಿಡಿಸಿದೆ. ಸುರಕ್ಷಿತ ದಾರಿ ಯಾವುದು ಎಂದು ಹೇಳುವುದು ನನ್ನ ಕೆಲಸ. ಅದರಲ್ಲಿ ನಾನು ರಾಜಿ ಮಾಡಿಕೊಂಡವಳಲ್ಲ. ಆದರೆ ಯಾವ ಊರಿನಲ್ಲಿ ಬಾಳಬೇಕು ಎನ್ನುವುದಕ್ಕೆ ನೇರವಾದ ರಸ್ತೆಯೊಂದೇ ಉತ್ತರವಲ್ಲ, ಆ ರಸ್ತೆಯ ಕೊನೆಯಲ್ಲಿ ನಮಗಾಗಿ ಯಾರಾದರೂ ಕಾದಿರಬೇಕು ಎನ್ನುವುದನ್ನು ಆ ಕುಟುಂಬದಿಂದ ಕಲಿತೆ. ಅಲ್ಲಿಂದೀಚೆಗೆ ಹೊಸ ವಿದ್ಯಾರ್ಥಿ ಬಂದರೆ ಮನೆಯ ಸುತ್ತಮುತ್ತಲಿನ, ರಸ್ತೆಯ ವಿವರ ಕೇಳುವ ಮೊದಲು "ನಿಮಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತೆ?" ಎಂದು ಕೇಳುತ್ತಿದ್ದೆ.

ಒಮ್ಮೆ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ಬಂದಿದ್ದರು. ಮಗ, ಸೊಸೆ ಜೊತೆಗೆ. ಆಸ್ಪತ್ರೆ, ದೇವಸ್ಥಾನ, ಬ್ಯಾಂಕು ಎಂದು ಮಗ ಅಪ್ಪನ ಪರವಾಗಿ ಹೇಳುತ್ತ ಹೋದ. ನಾನು ಅವನನ್ನು ತಡೆದು ಹಿರಿಯರನ್ನೇ ಕೇಳಿದೆ. ಅವರು ಸ್ವಲ್ಪ ನಾಚಿಕೊಂಡು, ಮಗನಿಗೆ ಕೇಳಿಸದಂತೆ ನನ್ನ ಕಡೆ ಬಾಗಿ ಹೇಳಿದರು: "ಕಟಿಂಗ್ ಶಾಪಿಗೆ ಮೇಡಂ. ಕೂದಲೇನಿಲ್ಲ. ಅಲ್ಲಿ ಎಲ್ರೂ ಬಂದಿರ್ತಾರೆ."

ಮರುದಿನವೇ ಹೊರಟೆವು.